ಉಪ್ಪು ನೋಡಿದವಳು

ಮಾಂಸ ತಿನ್ನದವಳು ಮಾಡಿದ ಮಾಂಸದಡುಗೆಗೆ ರುಚಿ ಎಲ್ಲಿಂದ ಬರಬೇಕು ಎಂದು ಯಾರಾದರೂ ಮೂಗು ಮುರಿದರೆ, ತುಕ್ಕಾನಟ್ಟಿಯ ಕುರುಬರ ಓಣಿಯವರು ಅವರ ಬಾಯಿ ಮುಚ್ಚಿಸುತ್ತಿದ್ದರು. ದಾಕ್ಷಾಯಿಣಿಯ ಕೈಯ ಸಾರು ಉಂಡು ನೋಡಿ, ಆಮೇಲೆ ಮಾತಾಡಿ ಎನ್ನುತ್ತಿದ್ದರು. ಅದು ಅವಳ ಅತ್ತೆ ಯಲ್ಲಕ್ಕ ಬದುಕಿದ್ದಾಗಿನ ಮಾತು. ಯಲ್ಲಕ್ಕ ಹೋಗಿ ಏಳು ತಿಂಗಳಾಯಿತು. ಈಗ ಯಾರೂ ಹಾಗೆ ಅನ್ನುವುದಿಲ್ಲ.

ದಾಕ್ಷಾಯಿಣಿ ಕಲ್ಲೋಳಿಯ ಲಿಂಗಾಯತರ ಮನೆಯ ಮಗಳು. ಅವಳ ಅಣ್ಣ ಮಹೇಶನಿಗೆ ಅಲ್ಲೊಂದು ಹಿಂಡಿ ಅಂಗಡಿ. ಕುರಿಗಳಿಗೆ ಹಿಂಡಿ ಒಯ್ಯಲು ಬರುತ್ತಿದ್ದ ಮಾಲಿಂಗ, ಮಹೇಶ ಊಟಕ್ಕೆ ಎದ್ದು ತಂಗಿಯನ್ನು ಅಂಗಡಿಯಲ್ಲಿ ಕೂರಿಸುವ ಹೊತ್ತು ನೋಡಿಕೊಂಡೇ ಬರತೊಡಗಿದ. ಹಿಂಡಿ ಒಯ್ಯಲು ಬಂದವನು ಹುಡುಗಿಯನ್ನೇ ಒಯ್ದ ಎಂದು ಊರು ನಕ್ಕಿತು. ಮನೆಯವರು ನಗಲಿಲ್ಲ. ಕಲ್ಲೋಳಿಯಿಂದ ತುಕ್ಕಾನಟ್ಟಿಗೆ ಬಸ್ಸಿನಲ್ಲಿ ಅರ್ಧ ತಾಸೂ ಹಿಡಿಯುವುದಿಲ್ಲ. ಆದರೂ ನಾಲ್ಕು ವರ್ಷ ಅವಳು ಆ ಹಾದಿ ತುಳಿದಿರಲಿಲ್ಲ, ಆ ಕಡೆಯಿಂದಲೂ ಯಾರೂ ಈ ಹೊಸ್ತಿಲು ತುಳಿದಿರಲಿಲ್ಲ.

ಯಲ್ಲಕ್ಕ ಮಾತ್ರ ಎದೆ ದೊಡ್ಡದಿದ್ದ ಹೆಂಗಸು. ಸೊಸೆ ಬಂದ ಮರುದಿನವೇ ಹಿತ್ತಲಲ್ಲಿ ಇನ್ನೊಂದು ಒಲೆ ಹೂಡಿದಳು.

"ಒಳಗಿನ ಒಲಿ ನಿಂದು, ಹೊರಗಿನ ಒಲಿ ನಂದು. ನಿನ್ನ ಗಡಿಗಿ ನಿನಗ, ನನ್ನ ಗಡಿಗಿ ನನಗ. ನಿನ್ನ ಬಾಯಾಗ ತುರುಕಾಕ ನಾ ಯಾರ ಯವ್ವಾ?" ಎಂದಳು.

ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಮುದುಕಿಯ ಕಣ್ಣಿಗೆ ಪೊರೆ ಬಂದು, ಒಂದು ದಿನ ಕುದಿಯುವ ಸಾರಿನಲ್ಲಿ ಕೈ ಸುಟ್ಟುಕೊಂಡಳು. ಅವತ್ತಿನಿಂದ ಹೊರಗಿನ ಒಲೆಯ ಮುಂದೆಯೂ ದಾಕ್ಷಾಯಿಣಿಯೇ ಕೂತಳು. ಯಾರೂ ಕೂರು ಎಂದಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮೈಮೇಲಿಂದ ತೆಗೆಯುವಂತಿಲ್ಲವಲ್ಲ, ಅದನ್ನು ಬೆನ್ನಿಗೆ ಸರಿಸಿ, ಸೆರಗು ಬಿಗಿದು, ಖಂಡ ತೊಳೆದು ಒಲೆಗಿಡುತ್ತಿದ್ದಳು. ಮೊದಮೊದಲು ಮುಖ ಆಚೆ ತಿರುಗಿಸಿಕೊಂಡು ತೊಳೆಯುತ್ತಿದ್ದಳು. ಕ್ರಮೇಣ ಅದೂ ನಿಂತಿತು. ಅಡುಗೆಯಾದ ಮೇಲೆ ತಲೆಗೆ ನೀರು ಹಾಕಿಕೊಂಡು, ಕರಡಿಗೆಯನ್ನು ಎದೆಗೆ ತಂದುಕೊಂಡು, ಒಳಗಿನ ಒಲೆಯಲ್ಲಿ ತನ್ನ ರೊಟ್ಟಿ ಬೇಯಿಸಿಕೊಳ್ಳುತ್ತಿದ್ದಳು.

ಉಪ್ಪು ನೋಡುವ ಕೆಲಸ ಯಲ್ಲಕ್ಕನದು. ಸಾರು ಕುದಿ ಬಂದಾಗ ದಾಕ್ಷಾಯಿಣಿ "ಅತ್ತೀ, ಕೈ ತರ್ರಿ" ಅನ್ನುವಳು. ಮುದುಕಿ ಅಂಗೈ ಚಾಚುವಳು. ಅದರ ಮೇಲೆ ಒಂದು ಹನಿ. ನೆಕ್ಕಿ, ಕಾಣದ ಕಣ್ಣನ್ನು ಮುಚ್ಚಿ, "ಒಂದ ಚಿಟಿಕಿ" ಎಂದರೆ ಒಂದು ಚಿಟಿಕೆ, "ಸಾಕು" ಎಂದರೆ ಸಾಕು. ಮಸಾಲೆಯನ್ನು ಅರೆಯುವಾಗಲೇ ನಾನು ನಾಲಿಗೆಗೆ ಹಚ್ಚಿ ನೋಡುತ್ತೇನಲ್ಲ, ಮತ್ತೆ ಇದೇಕೆ ಎಂದು ಸೊಸೆ ಕೇಳಿದರೆ ನಗುತ್ತಿದ್ದಳು. "ಮಸಾಲಿ ಉಪ್ಪು ಬ್ಯಾರೆ, ಖಂಡ ಕುಡದ ಮ್ಯಾಲಿನ ಉಪ್ಪು ಬ್ಯಾರೆ. ಅದನ್ನ ನಾಲಗಿಗೇ ಕೇಳಬೇಕ ನನ್ನವ್ವಾ, ಕಣ್ಣಿಗೆ ತಿಳಿಯೂದಲ್ಲ."

ದಾಕ್ಷಾಯಿಣಿ ತಿನ್ನದೆ ಉಳಿದದ್ದಕ್ಕೆ ಲಿಂಗದ ಮೇಲಿನ ಭಕ್ತಿ ಒಂದೇ ಕಾರಣವಲ್ಲ. ಮದುವೆಯಾದ ಮೊದಲ ವರ್ಷ ನೆರೆಮನೆಯ ಕೆಂಪವ್ವ ಕಲ್ಲೋಳಿಯ ಸಂತೆಗೆ ಹೋದಾಗ, ಅಲ್ಲಿ ದಾಕ್ಷಾಯಿಣಿಯ ತಾಯಿ ಪಾರವ್ವ ಸಿಕ್ಕಿದ್ದಳು. ಬದನೆಕಾಯಿ ಒತ್ತಿ ನೋಡುತ್ತ, ತಲೆ ಎತ್ತದೆ, ಪಾರವ್ವ ಒಂದೇ ಮಾತು ಕೇಳಿದಳಂತೆ: "ಆಕಿ ಅದನ್ನ ಬಾಯಿಗೆ ಹಾಕ್ಕೊಂಡಾಳೇನು? ಅಷ್ಟ ಕೇಳ್ಕೊಂಡ ಬಾ." ಮುಂದಿನ ಸಂತೆಗೆ ಇಲ್ಲ ಎಂಬ ಉತ್ತರ ಹೋಯಿತು. ಆ ವರ್ಷದ ಪಂಚಮಿಗೆ ಕೆಂಪವ್ವನ ಚೀಲದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಬಂದವು. ತವರಿನ ಉಂಡಿ! ದಾಕ್ಷಾಯಿಣಿ ಅದನ್ನು ಮುಂದಿಟ್ಟುಕೊಂಡು ಇಡೀ ಮಧ್ಯಾಹ್ನ ಅತ್ತಳು. ಆಮೇಲೆ ಪ್ರತಿ ಪಂಚಮಿಗೂ ಕಲ್ಲೋಳಿಯಿಂದ ಉಂಡಿ ಬಂತು. ತಾಯಿ ಮುಖ ತೋರಿಸಲಿಲ್ಲ, ಮಗಳನ್ನು ಕರೆಯಲಿಲ್ಲ, ಆದರೆ ಉಂಡಿ ತಪ್ಪಿಸಲಿಲ್ಲ. ತನ್ನ ಬಾಯಿ ಶುದ್ಧವಾಗಿರುವ ತನಕ ಆ ಮನೆಯ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ದಾಕ್ಷಾಯಿಣಿಗೆ ಗೊತ್ತಿತ್ತು.

ದೀಪಾವಳಿಯಾದ ವಾರಕ್ಕೆ ಯಲ್ಲಕ್ಕ ಸತ್ತಳು. ದಿನಕರ್ಮ ಮುಗಿದ ಮೇಲೆ ಬೀಗರು ನೆಂಟರೆಲ್ಲ ಹೋಗಿ, ಗಂಡ ಹೆಂಡತಿ ಇಬ್ಬರೇ ಉಳಿದ ದಿನ ದಾಕ್ಷಾಯಿಣಿ ಖಂಡದ ಸಾರು ಮಾಡಿದಳು. ಕುದಿ ಬಂದಾಗ ಚಮಚ ಹಿಡಿದು ತಿರುಗಿದರೆ ಚಾಚಿದ ಅಂಗೈ ಇಲ್ಲ. ಅಂದಾಜಿನ ಮೇಲೆ ಉಪ್ಪು ಹಾಕಿದಳು. ಅಳುತ್ತ ಹಾಕಿದಳೋ, ಎರಡು ಸಲ ಹಾಕಿದಳೋ, ಸಾರು ಬಾಯಿಗಿಡಲು ಬಾರದಷ್ಟು ಉಪ್ಪಾಯಿತು. ಮಾಲಿಂಗ ಎರಡು ತುತ್ತು ಉಂಡು ತಾಟು ಸರಿಸಿದ.

"ಒಂದ ಹನಿ ನಾಲಗಿಗೆ ಹಚ್ಚಿ ನೋಡಿದ್ರ ನಿನ್ನ ದೇವ್ರ ಓಡಿ ಹೋಗ್ತಿದ್ನೇನು?" ಎಂದ. ಅವನು ಕೈ ತೊಳೆದು ಎದ್ದವನು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. "ನಿನ್ನ ಕೈ ಅಷ್ಟ ನಮ್ಮ ಮನಿಗೆ ಬಂದಾವು. ನಿನ್ನ ಬಾಯಿ ಇನ್ನೂ ಕಲ್ಲೋಳ್ಯಾಗ ಐತಿ."

ಮರುದಿನ ಅವನು ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆ ಹೋದ. ಗೊಬ್ಬರಕ್ಕಾಗಿ ಹೊಲದವರು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ಕಾಲ ಅದು. ಒಂದು ಹೊಲದಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ಆರು ದಿನ. ನಡುವೆ ಎರಡು ಸಲ ಮನೆಗೆ ಬಂದ. ರೊಟ್ಟಿ, ಪುಂಡಿಪಲ್ಯೆ ಉಂಡ, ನಕ್ಕು ಮಾತಾಡಿದ, ಹೋದ. ಖಂಡ ಮಾಡು ಎನ್ನಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅವನು ಕೇಳದೇ ಇದ್ದದ್ದು ಚುಚ್ಚಿತು. ಅವನು ಬಾಗಿಲಲ್ಲಿ ಆಡಿದ ಆ ಮಾತು ಜೋಳ ಬೀಸುವಾಗ, ಕಸ ಗುಡಿಸುವಾಗ, ಲಿಂಗಪೂಜೆಗೆ ಕಣ್ಣು ಮುಚ್ಚಿದಾಗಲೂ ಕಿವಿಯಲ್ಲಿ ಕೂತಿರುತ್ತಿತ್ತು.

ಏಳು ತಿಂಗಳ ಮೇಲೆ, ಒಂದು ಶುಕ್ರವಾರ ಅವನ ಫೋನು ಬಂತು. ದನಿಯಲ್ಲಿ ಹುರುಪಿತ್ತು.

"ಏ ದಾಕ್ಷಾ, ಇಲ್ಲಿ ಹೊಲದ ಮಾಲಕ ಅಣ್ಣಾಸಾಹೇಬ್ರ ತಮ್ಮ ಗೋವಾದ ಹೋಟೆಲ್‌ನ್ಯಾಗ ಅಡಗಿ ಮಾಡ್ತಾನ. ರಜಾಕ್ಕ ಬಂದಾನ. ನಿನ್ನೆ ನನಗ ಒಂದ ಉಣಸಿದ ನೋಡು! ಅಂಗೈ ಅಗಲ ಖಂಡದ ತುಂಡು, ಎಲಬಿಲ್ಲ, ಏನಿಲ್ಲ. ಮುಂಜಾನಿಂದ ಮಸಾಲಿ ಹಚ್ಚಿ ಇಟ್ಟು ಹಂಚಿನ ಮ್ಯಾಲ ಸುಟ್ಟಿದ್ದ. ಸ್ಟೇಕ್ ಅಂತಾರಂತ. ದೊಡ್ಡ ಮಂದಿ ಚಾಕು ಹಿಡದ ಕೊಯ್ಕೊಂಡ ತಿಂತಾರಂತ. ನಾ ಕೈಲೇ ಹರದೆ."

ಅವಳು ನಕ್ಕಳು. ಎಷ್ಟು ದಿನಕ್ಕೆ ನಕ್ಕಿದ್ದಳೋ! "ಇಲ್ಲಿಗೆ ಬರ್ರಿ, ನಾ ಮಾಡಿ ಹಾಕ್ತೇನಿ" ಎಂದಳು.

ಅವನು, "ಮಾಡು. ಐತವಾರ ಸಂಜಿಮುಂದ ಐದಕ್ಕ ಬರ್ತೇನಿ, ಕುರಿ ನನ್ನ ಜೋಡಿ ಇರೂ ದುರ್ಗೇಶ ನೋಡ್ಕೋತಾನ" ಎಂದ. ಫೋನು ಇಡುವ ಮುಂಚೆ ಸಣ್ಣಗೆ, "ಅವ್ವ ಇದ್ದಿದ್ರ ಛಲೋ ಇರ್ತಿತ್ತು" ಎಂದೂ ಸೇರಿಸಿದ. ಅವನು ತಾಯಿಯನ್ನು ನೆನೆದು ಹೇಳಿದ. ಇವಳಿಗೆ ಅದು ಉಪ್ಪಿನ ಮಾತಾಗಿಯೇ ಕೇಳಿಸಿತು.

ಐತವಾರ ಬೆಳಕು ಹರಿಯುತ್ತಲೇ ಅವಳು ಸಿದ್ರಾಯನ ಖಂಡದ ಅಂಗಡಿಯ ಮುಂದಿದ್ದಳು. ತೊಡೆಯ ಭಾಗ, ಎಲುಬು ಬಿಡಿಸಿ, ಅಂಗೈ ಅಗಲ, ಬೆರಳು ದಪ್ಪ ಎಂದು ಕೈಯಿಂದ ತೋರಿಸಿದಳು. "ಸಾರಿಗೆ ಇಷ್ಟ ದೊಡ್ಡ ತುಂಡ ಯಾರ ಹಾಕ್ತಾರಬೇ?" ಎಂದು ಸಿದ್ರಾಯ ನಕ್ಕ. ನಕ್ಕರೂ ಅವಳು ಹೇಳಿದಂತೆಯೇ ಕೊಯ್ದು ಕೊಟ್ಟ.

ಹಸಿ ಪರಂಗಿಕಾಯಿ ಅರೆದಳು. ಬೆಳ್ಳುಳ್ಳಿ, ಶುಂಠಿ, ಹಸಿ ಮೆಣಸಿನಕಾಯಿ, ಕೊತ್ತಂಬರಿ ಕುಟ್ಟಿದಳು. ಕೆನೆಮೊಸರಿಗೆ ಅದನ್ನೆಲ್ಲ ಸೇರಿಸಿ, ಮನೆಯಲ್ಲೇ ಮಾಡಿದ ಮಸಾಲೆ ಖಾರ, ಅರಿಸಿನ, ಲಿಂಬೆರಸ, ಉಪ್ಪು ಹಾಕಿ ನಾಲಿಗೆಗೆ ಹಚ್ಚಿ ನೋಡಿದಳು. ಸರಿಯಿತ್ತು. ತುಂಡುಗಳನ್ನು ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಎರಡೂ ಬದಿಗೆ ಮಸಾಲೆ ತಿಕ್ಕಿ, ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದಳು. ಕೂಸಿಗೆ ಎಣ್ಣೆ ಹಚ್ಚುವಂತೆ ಅಷ್ಟು ಹೊತ್ತು ತಿಕ್ಕಿದಳು. ಮಧ್ಯಾಹ್ನ ಎರಡು ಸಲ ಬಟ್ಟೆ ಬಿಚ್ಚಿ ತುಂಡು ಮಗುಚಿ ಹಾಕಿದಳು.

ನಾಲ್ಕೂವರೆಗೆ ಹೊರಗಿನ ಒಲೆ ಹೊತ್ತಿಸಿದಳು. ಕರಡಿಗೆಯನ್ನು ಬೆನ್ನಿಗೆ ಸರಿಸಿದಳು. ಕಬ್ಬಿಣದ ಹಂಚು ಕಾಯ್ದ ಮೇಲೆ ಎಣ್ಣೆ ಬಿಟ್ಟು ಮೊದಲ ತುಂಡು ಹಾಕಿದಾಗ ಎದ್ದ ಸದ್ದಿಗೆ, ಪರಿಮಳಕ್ಕೆ ಓಣಿಯ ನಾಯಿಗಳೆಲ್ಲ ಹಿತ್ತಲ ಬೇಲಿಗೆ ಬಂದು ನಿಂತವು. ತುಂಡು ಎರಡೂ ಬದಿ ಕೆಂಪಾಯಿತು. ಕೊಯ್ದು ನೋಡಿದರೆ ಒಳಗೆ ಹದವಾಗಿ ಬೆಂದಿತ್ತು. ನೋಟಕ್ಕೆ ಏನೂ ಕಡಿಮೆಯಿರಲಿಲ್ಲ. ಉಪ್ಪೊಂದು ಗೊತ್ತಾಗಬೇಕಿತ್ತು.

ಕೆಂಪವ್ವನನ್ನು ಕರೆಯೋಣವೆಂದು ಎದ್ದಳು. ಕೆಂಪವ್ವನ ಮನೆಗೆ ಬೀಗ. ತಂಗಿಯ ಬಸುರಿ ಮಗಳ ಕುಬಸಕ್ಕೆ ಮೂಡಲಗಿಗೆ ಹೋಗಿದ್ದು ಆಗ ನೆನಪಾಯಿತು. ಓಣಿಯಲ್ಲಿ ಬೇರೆ ಮನೆಗಳಿರಲಿಲ್ಲವೇ? ಇದ್ದವು. ಯಾರನ್ನು ಕರೆದರೂ ಬಂದು ಒಂದು ಚೂರು ಬಾಯಿಗೆ ಹಾಕಿ ಹೇಳಿ ಹೋಗುತ್ತಿದ್ದರು. ಆದರೆ ದಾಕ್ಷಾಯಿಣಿ ಮೂರು ಹೆಜ್ಜೆ ಹೋದವಳು ನಿಂತಳು. ಅವಳಿಗೆ ಒಮ್ಮೆಲೇ ಸಿಟ್ಟು ಬಂತು. ಎಷ್ಟು ದಿನ ಇನ್ನೊಬ್ಬರ ನಾಲಿಗೆ ಎರವಲು ತರುವುದು? ತನ್ನ ಗಂಡನ ತಾಟಿನ ರುಚಿಯನ್ನು ಊರವರು ಹೇಳಬೇಕು, ತಾನು ಕೈಕಟ್ಟಿ ಕೇಳಬೇಕು! ಅವನು ಹೇಳಿದ್ದರಲ್ಲಿ ತಪ್ಪೇನಿತ್ತು ಎನ್ನಿಸಿತು. ನಾಲ್ಕು ವರ್ಷ ತಾನು ಈ ಮನೆಯ ಹೊಸ್ತಿಲೊಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟು ನಿಂತದ್ದು ನಿಜವೇ ಅಲ್ಲವೇ?

ಮರಳಿ ಬಂದು ಒಲೆಯ ಮುಂದೆ ಕೂತಳು. ಪಂಚಮಿಯ ಉಂಡಿ ಕಣ್ಣ ಮುಂದೆ ಬಂತು. ಬದನೆಕಾಯಿ ಒತ್ತುತ್ತ ತಲೆ ಎತ್ತದೆ ಕೇಳಿದ ತಾಯಿ ಬಂದಳು. ಇದನ್ನು ಬಾಯಿಗಿಟ್ಟರೆ ಆ ಬಾಗಿಲು ಮುಚ್ಚಿತೆಂದೇ ಅರ್ಥ, ಇನ್ನು ತಿಂದಿಲ್ಲ ಎಂದು ಯಾರ ಕೈಯಲ್ಲೂ ಹೇಳಿ ಕಳಿಸುವಂತಿಲ್ಲ. ಗೊತ್ತಿದ್ದೂ ಅವಳು ತುಂಡಿನ ಅಂಚಿನಿಂದ ಉಗುರಿನಷ್ಟು ಚೂರು ಕೊಯ್ದಳು. ಅಂಗೈ ಮೇಲೆ ಇಟ್ಟುಕೊಂಡಳು, ಯಲ್ಲಕ್ಕ ಇಟ್ಟುಕೊಳ್ಳುತ್ತಿದ್ದ ಹಾಗೆ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು.

ಆಕಾಶ ಕಳಚಿ ಬೀಳಲಿಲ್ಲ. ಉಪ್ಪು ಕಡಿಮೆಯಿತ್ತು, ಅಷ್ಟೇ. ಮಸಾಲೆಯ ಉಪ್ಪು ಬೇರೆ, ಖಂಡ ಕುಡಿದ ಮೇಲಿನ ಉಪ್ಪು ಬೇರೆ ಎಂದು ಮುದುಕಿ ಹೇಳಿದ್ದು ಎಷ್ಟು ಖರೆ! ದಾಕ್ಷಾಯಿಣಿಯ ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಉಳಿದ ಮಸಾಲೆಗೆ ಒಂದು ಚಿಟಿಕೆ ಉಪ್ಪು ಬೆರೆಸಿ ತುಂಡುಗಳಿಗೆ ಹಚ್ಚಿ ಮತ್ತೆ ಸುಟ್ಟಳು. ಮತ್ತೆ ನೋಡಿದಳು. ಈಗ ಸರಿಯಾಯಿತು. ಇವತ್ತು ಎರಡು ತಾಟು ಹಾಕುತ್ತೇನೆ, ಅವನ ಎದುರೇ ಕೂತು ತಿನ್ನುತ್ತೇನೆ, ಅವನ ಮುಖ ಹೇಗಾಗುತ್ತದೆ ನೋಡುತ್ತೇನೆ ಎಂದುಕೊಂಡಳು. ಏಳು ತಿಂಗಳಲ್ಲಿ ಅಷ್ಟು ಹಗುರಾಗಿ ಅವಳು ಒಮ್ಮೆಯೂ ಕೂತಿರಲಿಲ್ಲ.

ಐದಾಯಿತು, ಆರಾಯಿತು. ಮಾಲಿಂಗನ ಫೋನು ಬಂದ್. ತುಂಡುಗಳನ್ನು ಬೋಗುಣಿಯಲ್ಲಿಟ್ಟು ಒಲೆಯ ಬದಿಗೆ ಬಿಸಿಗೆ ಇಟ್ಟಳು. ಮೈ ತೊಳೆದುಕೊಳ್ಳಲೂ ಏಳಲಿಲ್ಲ, ಅಷ್ಟರಲ್ಲಿ ಅವನು ಬಂದುಬಿಟ್ಟರೆ ಎಂದು ಕಾಯುತ್ತ ಕೂತಳು. ಆರೂವರೆಗೆ ಮನೆಯ ಮುಂದೆ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಎದ್ದು ಓಡಿದಳು.

ಗಾಡಿ ಮಾಲಿಂಗನದಲ್ಲ. ಗಾಡಿಯ ಹಿಂದೆ ಕೂತಿದ್ದವನು ಮಾಲಿಂಗ. ಮುಂದೆ ಕೂತಿದ್ದವನು ಮಹೇಶ.

ನಾಲ್ಕು ವರ್ಷದಲ್ಲಿ ಅಣ್ಣನ ತಲೆ ಅರ್ಧ ನೆರೆತಿತ್ತು. ಅವನು ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತ. ಹಿತ್ತಲಿಂದ ಬರುವ ವಾಸನೆ ಮೂಗಿಗೆ ಬಡಿದಿರಲೇಬೇಕು, ಆದರೂ ಮುಖ ತಿರುಗಿಸಲಿಲ್ಲ.

"ಅವ್ವನ್ನ ಗೋಕಾಕದಾಗ ದವಾಖಾನಿಗೆ ಹಾಕೇವಿ" ಎಂದ ಮಹೇಶ. "ಹೊಟ್ಟ್ಯಾಗ ಗಡ್ಡಿ ಐತಿ. ನಾಳೆ ಮುಂಜಾನಿ ಆಪರೇಶನ್. ಡಾಕ್ಟರು ಧೈರ್ಯ ಹೇಳವಲ್ರು."

ದಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದಳು. ಮಾಲಿಂಗ ಮುಂದೆ ಬಂದ. ಗೋಕಾಕದಲ್ಲಿ ಬಸ್ಸಿಳಿದಾಗ ಕಲ್ಲೋಳಿಯವರೊಬ್ಬರಿಂದ ಸುದ್ದಿ ತಿಳಿಯಿತಂತೆ. ನೇರ ದವಾಖಾನೆಗೆ ಹೋದನಂತೆ. ಎರಡು ತಾಸು ಮಹೇಶನ ಕೈ ಹಿಡಿದು, ಕಾಲು ಹಿಡಿದು, ಒಮ್ಮೆ ತಾಯಿ ಮಗಳನ್ನು ಭೇಟಿ ಮಾಡಿಸಿರಿ ಎಂದು ಬೇಡಿಕೊಂಡನಂತೆ. ಕಾಲು ಹಿಡಿದದ್ದನ್ನು ಮಾಲಿಂಗ ತಾನಾಗಿ ಹೇಳಲಿಲ್ಲ, ಮಹೇಶನೇ ತಲೆ ತಗ್ಗಿಸಿ ಹೇಳಿದ. ಹಟಮಾರಿ ಮಾಲಿಂಗ, ಯಾರ ಮುಂದೆಯೂ ತಲೆ ಬಾಗದವನು!

"ಕೊನೀಗೆ ಅವ್ವ ಹೂಂ ಅಂದ್ಳು" ಎಂದ ಮಹೇಶ. "ಆದ್ರ ಒಂದ ಮಾತ ಹಾಕ್ಯಾಳ. ಆಕಿ ಹಟ ನಿನಗ ಗೊತ್ತೈತಲ್ಲ. ನೀ ಅದನ್ನ ಬಾಯಿಗೆ ಹಾಕ್ಕೊಂಡಿಲ್ಲಂತ ಲಿಂಗ ಮುಟ್ಟಿ ಇಲ್ಲೇ ನನ್ನ ಮುಂದ ಹೇಳಬೇಕಂತ. ಹೇಳಿದ್ರ ಕರ್ಕೊಂಡ ಬಾ, ಇಲ್ಲಂದ್ರ ನನ್ನ ಮಾರಿ ನೋಡೂದು ಬ್ಯಾಡ ಅಂದಾಳ."

ಮಾಲಿಂಗ ನಕ್ಕೇಬಿಟ್ಟ. "ಅದನ್ನೇನ ಕೇಳ್ತೀರಿ ಮಹೇಶಣ್ಣ? ನಾಕ ವರ್ಷ ನನ್ನ ಮನ್ಯಾಗ ಅದಾಳ, ಒಂದ ಹನಿ ಸಾರ ನಾಲಗಿಗೆ ಹಚ್ಚಿಲ್ಲ. ಅದಕ್ಕ ನಾನ ಸಾಕ್ಷಿ. ಬೇಕಾದ್ರ ನಾ ನಮ್ಮ ದೇವ್ರ ಭಂಡಾರ ಮುಟ್ಟಿ ಹೇಳ್ತೇನಿ. ದಾಕ್ಷಾ, ಹೇಳು ಮತ್ತ, ಲಗೂನ ಸೀರಿ ಬದಲಿ ಮಾಡ್ಕೊ."

ಅವನ ಮುಖದಲ್ಲಿ ಹೆಮ್ಮೆಯಿತ್ತು. ಯಾವುದನ್ನು ಏಳು ತಿಂಗಳ ಹಿಂದೆ ಹೀಯಾಳಿಸಿದ್ದನೋ ಅದರ ಬಗ್ಗೆಯೇ ಹೆಮ್ಮೆ. ದಾಕ್ಷಾಯಿಣಿ ಅವನ ಮುಖವನ್ನೇ ನೋಡಿದಳು. ಆ ಮಾತು ಇವನಿಗೆ ನೆನಪೇ ಇಲ್ಲ ಎಂಬುದು ಆಗ ಹೊಳೆಯಿತು. ತಾಯಿ ಸತ್ತ ಸಂಕಟದಲ್ಲಿ ಆಡಿ, ಘಟಪ್ರಭೆ ಹೊಳೆ ದಾಟುವಷ್ಟರಲ್ಲಿ ಮರೆತುಬಿಟ್ಟಿದ್ದ. ಅದನ್ನು ಕಟ್ಟಿಕೊಂಡು ಬೆಂದವಳು ಇವಳೊಬ್ಬಳೇ.

ಅವಳ ಕೈ ಕೊರಳಿಗೆ ಹೋಯಿತು. ಕರಡಿಗೆ ಎದೆಯ ಮೇಲಿರಲಿಲ್ಲ. ಬೆನ್ನಿಂದ ಮುಂದಕ್ಕೆ ಎಳೆದುಕೊಂಡಳು. ಅವಳಿಗೆ ಎಂಟು ವರ್ಷವಾದಾಗ ಪಾರವ್ವನೇ ಕಟ್ಟಿಸಿದ ಲಿಂಗ ಅದು. ಅದನ್ನು ನೋಡಿ ಮಹೇಶನಿಗೆ ಏನನಿಸಿತೋ, ತಂಗಿಯ ಮುಖ ನೋಡಿ ಏನು ತಿಳಿಯಿತೋ, ಗಡಬಡಿಸಿ ಎದ್ದು ನಿಂತ.

"ಇಲ್ಲ ಅನ್ನು ತಂಗಿ. ಇಲ್ಲ ಅಂದಬಿಡು. ಹೊತ್ತಾತು, ಹೋಗೂಣು."

ಒಂದು ಸುಳ್ಳು. ಹೇಳಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅಣ್ಣನಿಗೆ ಬೇಕಿತ್ತು, ಗಂಡನಿಗೆ ಬೇಕಿತ್ತು, ಗೋಕಾಕದ ಮಂಚದ ಮೇಲೆ ಮಲಗಿದ್ದ ಮುದುಕಿಗಂತೂ ಬೇಕೇ ಬೇಕಿತ್ತು. ದಾಕ್ಷಾಯಿಣಿ ಸುಳ್ಳೇ ಆಡದ ಶರಣೆಯೇನಲ್ಲ. ಹಿಂಡಿ ಅಂಗಡಿಯಲ್ಲಿ ಕೂತು ಇದೇ ಅಣ್ಣನಿಗೆ ದಿನಕ್ಕೊಂದು ಸುಳ್ಳು ಹೇಳಿದವಳು. ಆದರೆ ಕರಡಿಗೆ ಹಿಡಿದ ಕೈಗೆ ಬಾಯಿ ಜೊತೆ ಕೊಡಲಿಲ್ಲ. ಇದರ ಮೇಲೆ ಕೈಯಿಟ್ಟು ಸುಳ್ಳು ಹೇಳಬಹುದು ಎಂದಾದರೆ, ನಾಲ್ಕು ವರ್ಷ ತಾನು ಕಾಪಾಡಿದ್ದಾದರೂ ಏನನ್ನು?

"ಇಲ್ಲ ಅನ್ನಾಕ ಬರೂದಿಲ್ಲ ಅಣ್ಣಾ" ಎಂದಳು. "ಇವತ್ತ ಸಂಜಿಮುಂದ ಹಾಕ್ಕೊಂಡೇನಿ."

ಮಹೇಶ ಮತ್ತೆ ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ಗಾಡಿಯ ಚಾವಿ ಕೈಗೆ ತಗೊಂಡ.

"ನೀ ಖರೆ ಹೇಳಬಾರದಿತ್ತು" ಎಂದ. ಸಿಟ್ಟಿನಿಂದಲ್ಲ, ದಣಿದು ಹೇಳಿದ. "ನನಗ ಗೊತ್ತಿಲ್ಲದಿದ್ರ ಕರ್ಕೊಂಡ ಹೋಗತಿದ್ದೆ. ಈಗ ಗೊತ್ತಾತು. ನಾಳೆ ಆಕಿಗೆ ಏನರ ಆದ್ರ, ಸುಳ್ಳ ಹೇಳಿ ಕಳಿಸಿದೆ ಅನ್ನೂದು ನನ್ನ ತಲಿ ಮ್ಯಾಲ ಬರತೈತಿ."

"ಅವ್ವಗ ಏನ ಹೇಳ್ತೀ?"

"ಊರಾಗ ಇರಲಿಲ್ಲ, ಬಾಗಲಿಗೆ ಕೀಲಿ ಇತ್ತು ಅಂತೇನಿ." ಅವನು ಗಾಡಿ ಚಾಲೂ ಮಾಡಿದ. ಹೊರಟವನು ಒಮ್ಮೆ ತಿರುಗಿ ನೋಡಿ ಹೋದ.

ಮಾಲಿಂಗ ಅಂಗಳದಲ್ಲೇ ನಿಂತಿದ್ದ. ಗಾಡಿಯ ಸದ್ದು ಓಣಿ ದಾಟಿದ ಮೇಲೆ ಹೆಂಡತಿಯ ಕಡೆ ತಿರುಗಿದ.

"ನಾಕ ವರ್ಷ ತಡದಿ" ಎಂದ. "ಇನ್ನ ಎರಡ ತಾಸ ತಡಿಯಾಕ ಆಗಲಿಲ್ಲ ನಿನಗ? ಇವತ್ತ ಬೇಕಾಗಿತ್ತೇನು? ನಾ ಅಲ್ಲಿ ಅವರ ಕಾಲ ಹಿಡಿಯಾಕತ್ತೇನಿ, ನೀ ಇಲ್ಲಿ..."

"ನನ್ನ ಬಾಯಿ ಇನ್ನೂ ಕಲ್ಲೋಳ್ಯಾಗ ಐತಿ ಅಂದಿದ್ರಿ."

"ಯಾವಾಗ ಅಂದೆ ನಾ?"

ನೆನಪು ಮಾಡಿಕೊಟ್ಟು ಏನಾಗಬೇಕಿತ್ತು? ಹಿತ್ತಲಿಗೆ ಹೋಗಿ ಎರಡು ತಾಟುಗಳಲ್ಲಿ ಖಂಡದ ತುಂಡು, ಈರುಳ್ಳಿ, ರೊಟ್ಟಿ ಹಾಕಿ ತಂದಿಟ್ಟಳು. ಮಾಲಿಂಗ ತಾಟನ್ನು ನೋಡಿದ. ಅವನು ಫೋನಿನಲ್ಲಿ ಹೇಳಿದ್ದಷ್ಟೇ, ಆದರೂ ಅಂಗೈ ಅಗಲದ ಆ ತುಂಡು ಅವನ ಮನಸ್ಸಿನಲ್ಲಿದ್ದ ಹಾಗೆಯೇ ಇತ್ತು.

"ನಾ ಒಲ್ಲೆ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ.

ದಾಕ್ಷಾಯಿಣಿ ಕೂತಳು. ಪಂಚಮಿಗೆ ಇನ್ನು ಒಂದೂವರೆ ತಿಂಗಳಿತ್ತು, ಈ ಸಲ ಇಲ್ಲ ಎಂಬ ಉತ್ತರ ಹೋಗುವುದಿಲ್ಲ, ಕೆಂಪವ್ವನ ಚೀಲ ಬರಿದೇ ಬರುತ್ತದೆ. ತುಂಡನ್ನು ಕೈಯಿಂದ ಹರಿದು ಬಾಯಿಗಿಟ್ಟಳು. ಅತ್ತಳು, ಅಗಿದಳು, ಇನ್ನೊಂದು ತುತ್ತು ಹರಿದಳು.

ಉಪ್ಪು ಸರಿಯಾಗಿತ್ತು.